ಯಿನ್ ಕಣ್ಣಿನ ಅಕ್ಕ



ದೀಪ ಆರಿದ ಮೇಲೆ ಪಕ್ಕದ ಹಾಸಿಗೆಯಿಂದ ಅಕ್ಕನೋ ಅಜ್ಜಿಯೋ ಹೇಳುತ್ತಿದ್ದ ದೆವ್ವದ ಕಥೆಗಳು ನಿಮಗೂ ನೆನಪಿರಬೇಕಲ್ಲವೇ? ಅಂಥ ಕಥೆಗಳ ಮೇಲೆಯೇ ನಿಂತ ಕಾದಂಬರಿಯೊಂದರ ಪರಿಚಯ ಈ ಸಲ. ಚೀನೀ ಮೂಲದ ಅಮೆರಿಕನ್ ಲೇಖಕಿ ಆಮಿ ಟ್ಯಾನ್ ಅವರ ‘ದಿ ಹಂಡ್ರೆಡ್ ಸೀಕ್ರೆಟ್ ಸೆನ್ಸಸ್’ ಪ್ರಕಟವಾದದ್ದು 1995ರಲ್ಲಿ.

ಒಲಿವಿಯಾ ಸ್ಯಾನ್‌ಫ್ರಾನ್ಸಿಸ್ಕೋದ ಹುಡುಗಿ. ಚೀನಾದಲ್ಲಿ ತನಗೆ ಮೊದಲ ಹೆಂಡತಿಯ ಮಗಳಿದ್ದಾಳೆ, ಅವಳನ್ನು ಕರೆಸಿಕೊಳ್ಳಿ ಎಂದು ಅವಳ ಅಪ್ಪ ಸಾಯುವಾಗ ಹೇಳುತ್ತಾನೆ. ಹಾಗೆ ಬಂದವಳು 18ರ ಹರೆಯದ ಕ್ವಾನ್. ಅವಳಿಗೆ ‘ಯಿನ್ ಕಣ್ಣು’ ಇದೆಯಂತೆ. ಚೀನೀಯರ ಯಿನ್-ಯಾಂಗ್ ಕಲ್ಪನೆಯಲ್ಲಿ ಯಿನ್ ಎಂದರೆ ನೆರಳಿನ ಬದಿ. ಇಲ್ಲಿ ಅದು ಸತ್ತವರ ಲೋಕ. ಕ್ವಾನ್ ಆ ಲೋಕದವರನ್ನು ಕಾಣುತ್ತಾಳೆ, ಮಾತಾಡಿಸುತ್ತಾಳೆ. 19ನೇ ಶತಮಾನದ ತೈಪಿಂಗ್ ದಂಗೆಯ ಕಾಲದಲ್ಲಿ ಕಳೆದ ತನ್ನ ಹಿಂದಿನ ಜನ್ಮದ ಕಥೆಯನ್ನೂ ಹೇಳುತ್ತಾಳೆ.

ಯಾರಿಗೂ ಹೇಳಬೇಡ ಎಂದಿದ್ದ ಆ ಗುಟ್ಟನ್ನು, ಹೆದರಿದ ಪುಟ್ಟ ತಂಗಿ ಮನೆಯವರ ಮುಂದೆ ಬಾಯಿಬಿಡುತ್ತಾಳೆ. ಅಕ್ಕನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ, ಕರೆಂಟ್ ಶಾಕ್ ಕೊಡಿಸುತ್ತಾರೆ. ಆದರೆ ಮರಳಿ ಬಂದ ಕ್ವಾನ್ ತಂಗಿಯನ್ನು ದೂರುವುದೇ ಇಲ್ಲ.

ಕಾದಂಬರಿಯ ಜೀವ ಇರುವುದು ಇಲ್ಲೇ. ಇವರು ಜಗಳವಾಡಿ ದೂರವಾದವರಲ್ಲ. ದೂರವಿರುವುದು ತಂಗಿಯ ಮನಸ್ಸಿನಲ್ಲಿ. ಅಕ್ಕ ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಬೈಯದ ಅಕ್ಕನ ಪ್ರೀತಿ ತೀರದ ಸಾಲವಾಗಿ ಅವಳನ್ನು ಕಾಡುತ್ತದೆ. ಮುಂದೆ ಒಲಿವಿಯಾಳ ದಾಂಪತ್ಯ ಮುರಿಯುವ ಹೊತ್ತಿಗೆ, ಅವಳನ್ನೂ ಅವಳ ಗಂಡನನ್ನೂ ಕ್ವಾನ್ ಚೀನಾದ ಗುಯಿಲಿನ್ ಬಳಿಯ ತನ್ನ ಹಳ್ಳಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಏನಾಗುತ್ತದೆಂದು ಹೇಳುವುದಿಲ್ಲ, ಓದಿಯೇ ತಿಳಿಯಿರಿ!

ಲೇಖಕಿಗೆ ಇದು ಬರೀ ಕಲ್ಪನೆಯಲ್ಲ. ಅವರ ತಾಯಿ ಮೊದಲ ಮದುವೆಯ ಮೂವರು ಹೆಣ್ಣುಮಕ್ಕಳನ್ನು ಚೀನಾದಲ್ಲೇ ಬಿಟ್ಟು ಬಂದಿದ್ದರು. ಆಮಿ ಟ್ಯಾನ್ 1987ರಲ್ಲಿ ತಾಯಿಯೊಡನೆ ಅಲ್ಲಿಗೆ ಹೋಗಿ ಆ ಅಕ್ಕಂದಿರನ್ನು ಕಂಡರು.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಕ್ವಾನ್ ರಾತ್ರಿ ಕಥೆ ಹೇಳುತ್ತಿದ್ದದ್ದು ಚೀನೀ ಭಾಷೆಯಲ್ಲಿ. ಬೇಡವೆಂದು ಮಗ್ಗುಲು ಬದಲಿಸುತ್ತಿದ್ದ ತಂಗಿಗೆ, ಪಾಠವಿಲ್ಲ ಪುಸ್ತಕವಿಲ್ಲ, ಆ ಭಾಷೆ ತಾನಾಗಿ ಬಂದುಬಿಟ್ಟಿತು. ಮುಂಬಯಿಯಲ್ಲೋ ದೆಹಲಿಯಲ್ಲೋ ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂಬ ಚಿಂತೆಯೇ? ಇಂದು ರಾತ್ರಿ ದೀಪ ಆರಿಸಿ, ಕನ್ನಡದಲ್ಲಿ ಒಂದು ಕಥೆ ಶುರು ಮಾಡಿ. ಅದರಲ್ಲಿ ದೆವ್ವ ಇದ್ದರೂ ಅಡ್ಡಿಯಿಲ್ಲ!