ಭೀಮಾ ಸೀಮೆಯ ಮೂರು ತಾಲ್ಲೂಕು, ಒಂದು ಮುಕ್ತ ವಿಶ್ವವಿದ್ಯಾಲಯ

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟರೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಕಟ್ಟಿಸಂಗಾವಿಯ ಬಳಿ ಭೀಮೆಯ ಸೇತುವೆ ದಾಟಿದರೆ ಜೇವರ್ಗಿ. ಆಳಂದ, ಜೇವರ್ಗಿ 40 ಕಿ.ಮೀ. ಆಸುಪಾಸಿನಲ್ಲಿವೆ, ಅಫಜಲಪುರ 60 ದಾಟುತ್ತದೆ. ಮೂರೂ ತಾಲ್ಲೂಕುಗಳಲ್ಲಿ ಕಣ್ಣು ಹಾಯಿಸಿದಷ್ಟು ಎರಿಭೂಮಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿ ಇಲ್ಲಿನ ಮುಖ್ಯ ಬೆಳೆ. ನೀರಾವರಿ ಇರುವಲ್ಲಿ ಕಬ್ಬು.

ಓದು, ಅರಿವು ಈ ನೆಲಕ್ಕೆ ಹೊಸತಲ್ಲ. ಹನ್ನೆರಡನೇ ಶತಮಾನದ ಶಿವಶರಣ ಏಕಾಂತದ ರಾಮಯ್ಯ ಆಳಂದದವರು. ಅದೇ ಪಟ್ಟಣದ ಲಾಡ್ಲೆ ಮಶಾಕ್ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಅಮರ್ಜಾ ನದಿ ಭೀಮೆಯನ್ನು ಸೇರುತ್ತದೆ, ಅಲ್ಲಿ ದತ್ತಪರಂಪರೆಯ ಕ್ಷೇತ್ರವಿದೆ. ‘ಅಖಂಡೇಶ್ವರ’ ಅಂಕಿತದ ವಚನಕಾರ ಷಣ್ಮುಖಸ್ವಾಮಿಗಳ ಮಠ ಜೇವರ್ಗಿಯಲ್ಲಿದೆ. ರಾಜ್ಯಕ್ಕೆ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅದೇ ತಾಲ್ಲೂಕಿನ ನೆಲೋಗಿಯವರು.

ಆದರೆ ಕಾಲೇಜು ಮೆಟ್ಟಿಲು ಹತ್ತುವ ವಿಷಯದಲ್ಲಿ ಈ ಭಾಗ ಹಿಂದೆ ಉಳಿಯಿತು. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು. ಈ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಕಲಬುರಗಿ ಜಿಲ್ಲೆಯದು ಶೇ 64.85. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲೇ ಬಂದಿತ್ತು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೂ ಮುಂದೆ ಆಳಂದ ತಾಲ್ಲೂಕಿನ ಕಡಗಂಚಿಗೆ ಬಂತು. ಎರಡೂ ದೊಡ್ಡ ಸಂಸ್ಥೆಗಳೇ. ಆದರೆ ದಿನವಿಡೀ ತರಗತಿಯಲ್ಲಿ ಕೂರಲು ಬಿಡುವಿದ್ದವರಿಗೆ ಮಾತ್ರ ಅವುಗಳ ಬಾಗಿಲು ತೆರೆಯುತ್ತದೆ.

ಬಿಡುವಿಲ್ಲದವರ ಪಟ್ಟಿ ಇಲ್ಲಿ ಉದ್ದವಿದೆ. ಪಿಯುಸಿ ಮುಗಿಯುತ್ತಲೇ ಮದುವೆಯಾದ ಹೆಣ್ಣುಮಕ್ಕಳು, ಅಂಗನವಾಡಿ ಕಾರ್ಯಕರ್ತೆಯರು, ಬಸ್ ಕಂಡಕ್ಟರ್‌ಗಳು, ಪೊಲೀಸ್ ಕಾನ್‌ಸ್ಟೆಬಲ್‌ಗಳು, ಅಪ್ಪನ ಹೊಲ ನೋಡಿಕೊಳ್ಳುವ ಹುಡುಗರು, ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗಿ ಬರುವವರು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ಸ್ಥಳೀಯರಿಗೆ ಉದ್ಯೋಗ ಮೀಸಲಾತಿ ದೊರೆತ ಮೇಲೆ ಪದವಿಯ ಬೆಲೆ ಹೆಚ್ಚಿತು. ಮೀಸಲಾತಿ ಇದ್ದರೂ ಅರ್ಜಿ ಹಾಕಲು ಡಿಗ್ರಿ ಬೇಕಲ್ಲ! ಇವರಿಗೆ ಉಳಿಯುವ ದಾರಿ ಮುಕ್ತ ವಿಶ್ವವಿದ್ಯಾಲಯ.

ಮೈಸೂರಿನಿಂದ ಬರುವ ಪಾಠ

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದರ ಬುನಾದಿಯ ಮೇಲೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎಂಬುದು ಅದರ ಧ್ಯೇಯ. ಕೇಂದ್ರ ಕಚೇರಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿದೆ, ಕಲಬುರಗಿಯಲ್ಲಿ ಪ್ರಾದೇಶಿಕ ಕೇಂದ್ರವಿದೆ. ಮೈಸೂರಿಗೂ ಈ ತಾಲ್ಲೂಕುಗಳಿಗೂ ನಡುವೆ ಸುಮಾರು 700 ಕಿ.ಮೀ. ಇದೆ.

ಇಷ್ಟು ದೂರದಿಂದ ಪಾಠ ಹೇಗೆ ಹೇಳುತ್ತಾರೆ? ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮದಂತೆ ಒಂದು ಕ್ರೆಡಿಟ್ ಎಂದರೆ 30 ತಾಸಿನ ಓದು. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ತಾಸು. ಅದರಲ್ಲಿ ಅಧ್ಯಾಪಕರ ಎದುರು ಕೂರುವ ಸಂಪರ್ಕ ತರಗತಿ ಹತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 12 ತಾಸು. ಮಿಕ್ಕ 108 ತಾಸು ವಿದ್ಯಾರ್ಥಿಯ ಜೊತೆಗಿರುವುದು ಸಿದ್ಧಪಾಠದ ಪುಸ್ತಕ ಮತ್ತು ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕಾರ್ಯ.

ದೂರಶಿಕ್ಷಣದ ಬೋಧನಾ ನೀತಿಯ ಪ್ರಾಣ ಇರುವುದು ಈ ಲೆಕ್ಕದಲ್ಲಿ. ಇಲ್ಲಿ ಪುಸ್ತಕವೇ ಮೇಷ್ಟ್ರು. ಆದ್ದರಿಂದ ಸಿದ್ಧಪಾಠವನ್ನು ಮಾಮೂಲಿ ಪಠ್ಯಪುಸ್ತಕದಂತೆ ಬರೆಯುವಂತಿಲ್ಲ. ಪ್ರತಿ ಘಟಕದ ಆರಂಭದಲ್ಲಿ ಏನು ಕಲಿಯಲಿದ್ದೀರಿ ಎಂದು ತಿಳಿಸಬೇಕು. ನಾಲ್ಕು ಪುಟಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳಬೇಕು. ಉತ್ತರ ಸರಿಯೇ ಎಂದು ಓದುವವರೇ ನೋಡಿಕೊಳ್ಳಲು ಅನುವು ಮಾಡಬೇಕು. ನಿಯೋಜಿತ ಕಾರ್ಯದ ಹಾಳೆ ಅಂಕದ ಜೊತೆ ಎರಡು ಸಾಲಿನ ತಿದ್ದುಪಡಿ ಹೊತ್ತು ಮರಳಬೇಕು. ಊರಲ್ಲಿ ಒಬ್ಬಂಟಿಯಾಗಿ ಓದುವವರಿಗೆ ತಾವು ತಪ್ಪಿದ್ದೆಲ್ಲಿ ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ. ಪುಸ್ತಕ ತಡವಾದರೆ ಆ 108 ತಾಸು ಕರಗಿ, ಓದು ಪರೀಕ್ಷೆಯ ಹಿಂದಿನ ವಾರದ ಗೈಡಿಗೆ ಇಳಿಯುತ್ತದೆ.

ಹೊಲದ ಪಂಚಾಂಗ, ಓದಿನ ಪಂಚಾಂಗ

ಈ ತಾಲ್ಲೂಕುಗಳಲ್ಲಿ ವರ್ಷವನ್ನು ಅಳೆಯುವುದು ಹೊಲ. ಜೂನ್–ಜುಲೈ ತೊಗರಿ ಬಿತ್ತನೆ. ಡಿಸೆಂಬರ್–ಜನವರಿ ರಾಶಿ. ಹವಳಗಾ, ಭೂಸನೂರಿನ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಚಳಿಗಾಲದಲ್ಲಿ ಮನೆಮಂದಿಗೆಲ್ಲ ಕೆಲಸ. ಮುಕ್ತ ವಿಶ್ವವಿದ್ಯಾಲಯದ ಪ್ರವೇಶಾತಿ ಜುಲೈ ಮತ್ತು ಜನವರಿ ಆವೃತ್ತಿಗಳಲ್ಲಿ ನಡೆಯುತ್ತದೆ. ಒಂದು ಬಿತ್ತನೆಗೆ, ಇನ್ನೊಂದು ರಾಶಿಗೆ ಸರಿಯಾಗಿ ಎದುರಾಗುತ್ತದೆ. ರಾಶಿಯ ವಾರ ಸಂಪರ್ಕ ತರಗತಿ ಇಟ್ಟರೆ ಖಾಲಿ ಬೀಳುವ ಬೆಂಚು ನೋಡಿ ಇಲ್ಲಿನವರಿಗೆ ಓದಿನ ಆಸಕ್ತಿ ಇಲ್ಲ ಎಂದು ತೀರ್ಮಾನಿಸುವುದು ಅನ್ಯಾಯ.

ನದಿಯದೂ ಒಂದು ಲೆಕ್ಕವಿದೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದಲೂ ನೀರು ಬಿಟ್ಟಾಗ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಹಳ್ಳಿಗಳು ಮುಳುಗಿದವು. ಅಂಥ ದಿನಗಳಲ್ಲಿ ಪರೀಕ್ಷೆ ತಪ್ಪಿದವರಿಗೆ ಮತ್ತೊಂದು ದಿನಾಂಕ ಕೊಡುವ ಏರ್ಪಾಡು ನೀತಿಯಲ್ಲೇ ಬರೆದಿರಬೇಕು. ಆಗ ಅದಕ್ಕಾಗಿ ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ.

ಭಾಷೆಯ ವಿಷಯವೂ ಹಾಗೆಯೇ. ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಓಣಿಗಳಲ್ಲಿ ದಖನಿ, ಗಡಿ ಹಳ್ಳಿಗಳಲ್ಲಿ ಮರಾಠಿ, ಎಲ್ಲೆಡೆ ಕಲಬುರಗಿ ಕನ್ನಡ. ಇವರ ಕೈಗೆ ಹೋಗುವ ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಪುಸ್ತಕ ಸಂಸ್ಕೃತದ ಭಾರಿ ಪದಗಳಿಂದ ತುಂಬಿದ್ದರೆ ಕನ್ನಡ ಮಾಧ್ಯಮ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಹಿಡುವಳಿ, ಬೆಲೆ, ಮಾರುಕಟ್ಟೆ ಕುರಿತ ಘಟಕದಲ್ಲಿ ತೊಗರಿಯ ಬೆಂಬಲ ಬೆಲೆಯ ಉದಾಹರಣೆ ಇದ್ದರೆ ಇಲ್ಲಿನ ಓದುಗರಿಗೆ ಪಾಠ ಬೇಗ ಹತ್ತುತ್ತದೆ.

ಕಳೆದ ನಂಬಿಕೆ, ಮರಳಿದ ಮಾನ್ಯತೆ

ಒಂದು ಗಾಯವನ್ನೂ ನೆನೆಯಬೇಕು. ರಾಜ್ಯದ ಹೊರಗೆ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದು ಸೇರಿದಂತೆ ನಿಯಮ ಮೀರಿದ ಆರೋಪದ ಮೇಲೆ 2013–14ರಿಂದ ಮುಕ್ತ ವಿಶ್ವವಿದ್ಯಾಲಯಕ್ಕೆ ಆಯೋಗದ ಮಾನ್ಯತೆ ಸಿಗಲಿಲ್ಲ. ಆ ವರ್ಷಗಳಲ್ಲಿ ಸೇರಿದವರು ಪದವಿ ಪತ್ರ ನಿಲ್ಲುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಕಾಲ ಕಳೆದರು. 2018–19ರಿಂದ ಮಾನ್ಯತೆ ಮರಳಿತು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಕಾಗದದ ಮೇಲೆ ಮಾನ್ಯತೆ ಬಂದಿದೆ. ಜನರ ಮನಸ್ಸಿನಲ್ಲಿ ಅದನ್ನು ಕಟ್ಟುವುದು ಪಾಠದ ಗುಣಮಟ್ಟದಿಂದ ಮಾತ್ರ ಸಾಧ್ಯ.

ಈಗಿನ ನಿಯಮಗಳು ಫ್ರಾಂಚೈಸಿಯನ್ನು ನಿಷೇಧಿಸಿವೆ, ರಾಜ್ಯ ವಿಶ್ವವಿದ್ಯಾಲಯಗಳನ್ನು ರಾಜ್ಯದ ಗಡಿಯೊಳಗೆ ಕಟ್ಟಿಹಾಕಿವೆ. ಇದರ ಇನ್ನೊಂದು ಮುಖ ಆಳಂದ, ಅಫಜಲಪುರದ ಗಡಿಯಾಚೆ ಕಾಣುತ್ತದೆ. ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಕನ್ನಡಿಗರಿಗೆ ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯವಿದೆ, ಅದರ ಮುಖ್ಯ ಭಾಷೆ ಮರಾಠಿ. ಅವರಿಗೆ ಕನ್ನಡದ ಸಂಪರ್ಕ ತರಗತಿ ಹತ್ತಿರ ಸಿಗಬೇಕಾದರೆ ಅದು ಗಡಿಯ ಈಚೆಗೆ, ಆಳಂದದಲ್ಲೋ ಅಫಜಲಪುರದಲ್ಲೋ ನಡೆಯಬೇಕು.

ತಾಲ್ಲೂಕಿಗೆ ಇಳಿಯಲಿ

ಅನುಕೂಲಗಳು ಕಡಿಮೆ ಏನಿಲ್ಲ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಭಾನುವಾರ ಆ ಕೋಣೆಗಳು ಖಾಲಿ. ಅಲ್ಲಿನ ಅಧ್ಯಾಪಕರಿಗೆ ತಕ್ಕ ಗೌರವಧನ ಕೊಟ್ಟು ತರಗತಿ ವಹಿಸಬಹುದು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಆದರೆ ಜೇವರ್ಗಿಯಾಚೆಯ ಯಡ್ರಾಮಿ ಕಡೆಯ ಹಳ್ಳಿಯಿಂದ ಕಲಬುರಗಿಗೆ ಹೋಗಿ ಬರಲು ಇಡೀ ದಿನ ಬೇಕು. ಜೇವರ್ಗಿಯಲ್ಲೇ ತರಗತಿ ಇದ್ದರೆ ಸಂಜೆ ಹೊಲಕ್ಕೂ ಮಕ್ಕಳಿಗೂ ಹೊತ್ತು ಉಳಿಯುತ್ತದೆ. ‘ಅರಿವು ಕೇಂದ್ರ’ಗಳಾಗಿ ಬದಲಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸಿದ್ಧಪಾಠದ ಒಂದೊಂದು ಪ್ರತಿ ಇಟ್ಟರೆ, ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಮೇಜೂ ಪುಸ್ತಕವೂ ಒಟ್ಟಿಗೆ ಸಿಗುತ್ತವೆ.

ಕಲಿಕಾರ್ಥಿ ಸಹಾಯ ಕೇಂದ್ರ ಎಂದರೆ ಅರ್ಜಿ ತುಂಬಿಸಿಕೊಳ್ಳುವ ಕಿಟಕಿಯಷ್ಟೇ ಆಗಬಾರದು. ದೂರಶಿಕ್ಷಣದ ನೀತಿ ಬರೆಯುವವರು ದೂರವನ್ನು ಮುಕ್ತಗಂಗೋತ್ರಿಯಿಂದ ಅಳೆಯದೆ ವಿದ್ಯಾರ್ಥಿಯ ಹೊಸ್ತಿಲಿನಿಂದ ಅಳೆಯಬೇಕು. ತರಗತಿ ಆರಂಭಕ್ಕೆ ಮುನ್ನ ಪುಸ್ತಕ, ರಾಶಿ ಮುಗಿದ ಮೇಲೆ ತರಗತಿ, ತಿದ್ದುಪಡಿಯೊಂದಿಗೆ ಮರಳುವ ನಿಯೋಜಿತ ಕಾರ್ಯ, ತಾಲ್ಲೂಕಿನಲ್ಲೇ ಪರೀಕ್ಷಾ ಕೇಂದ್ರ. ಈ ನಾಲ್ಕಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ವಿಶ್ವವಿದ್ಯಾಲಯ, ಕಾಲೇಜು ಶಿಕ್ಷಣ ಇಲಾಖೆ ಮತ್ತು ಈ ಮೂರು ಕ್ಷೇತ್ರಗಳ ಜನಪ್ರತಿನಿಧಿಗಳು ಒಂದು ಮೇಜಿನ ಸುತ್ತ ಕೂತರೆ ಮುಂದಿನ ಜುಲೈ ಆವೃತ್ತಿಗೇ ಇದನ್ನು ಆರಂಭಿಸಬಹುದು.