ದವಾಖಾನೆಯ ಸಿಬ್ಬಂದಿ ಕೆಲಸಕ್ಕೆ ಮರಳುವ ದಾರಿ

ಔದ್ಯೋಗಿಕ ಆರೋಗ್ಯ ವೈದ್ಯಶಾಸ್ತ್ರದ ಒಂದು ಶಾಖೆ. ಕೆಲಸದಿಂದ ಬರುವ ಕಾಯಿಲೆಗಳನ್ನು ತಡೆಯುವುದು ಅದರ ಅರ್ಧ ಹೊಣೆ. ಕಾಯಿಲೆ ಬಿದ್ದವರು ಕೆಲಸ ಕಳೆದುಕೊಳ್ಳದಂತೆ, ರಜೆ ಹಾಕಿದವರು ಮರಳಿ ಬರುವಂತೆ ನೋಡಿಕೊಳ್ಳುವುದು ಉಳಿದರ್ಧ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಬರೆದ ಪುಸ್ತಕದಲ್ಲಿ ಗಣಿ ಕೆಲಸದವರು, ಕುಂಬಾರರ ಜೊತೆಗೆ ಸೂಲಗಿತ್ತಿಯರಿಗೂ ಒಂದು ಅಧ್ಯಾಯ ಕೊಟ್ಟಿದ್ದ. ಆದರೆ ಮುಂದೆ ಈ ಶಾಖೆ ಬೆಳೆದದ್ದು ಗಣಿ, ಗಿರಣಿಗಳ ಸುತ್ತಲೇ. ಭಾರತದ 1948ರ ಕಾರ್ಖಾನೆ ಕಾಯ್ದೆ ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಹಚ್ಚುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕೆಂದು ಹೇಳಿತು. ಆಸ್ಪತ್ರೆ ಕಾರ್ಖಾನೆಯಲ್ಲವಲ್ಲ, ಅದು ಈ ಲೆಕ್ಕಕ್ಕೆ ಬರಲಿಲ್ಲ. ಅಂಥದೊಂದು ಕಟ್ಟಳೆ ಆಸ್ಪತ್ರೆಗೆ ಕೊನೆಗೆ ಸಿಕ್ಕಿದ್ದು ಕಸದ ನಿಯಮದಲ್ಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಸೇರುವಾಗಲೂ ವರ್ಷಕ್ಕೊಮ್ಮೆಯೂ ತಪಾಸಣೆ ಮಾಡಿಸಬೇಕು, ಅವಘಡವಾದರೆ ದಾಖಲಿಸಬೇಕು.

ಧಾರವಾಡ ತಾಲ್ಲೂಕಿನ ಎರೆಭೂಮಿಯ ಊರಾದ ಉಪ್ಪಿನಬೆಟಗೇರಿಯಂಥ ಕಡೆ ಔದ್ಯೋಗಿಕ ಆರೋಗ್ಯದ ಅಗತ್ಯ ಬೇಗ ಕಣ್ಣಿಗೆ ಬೀಳುತ್ತದೆ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ, ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಸರ್ಕಾರದ ಮಾನದಂಡ. ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಮಲಗಿದರೆ ಪಕ್ಕದ ವಾರ್ಡಿನವರು ಬಂದು ನಿಲ್ಲುತ್ತಾರೆ. ಹಳ್ಳಿಯ ದವಾಖಾನೆಯಲ್ಲಿ ಪಕ್ಕದ ವಾರ್ಡೇ ಇಲ್ಲ. ಒಬ್ಬ ಸಿಸ್ಟರ್ ತಿಂಗಳು ರಜೆ ಹಾಕಿದರೆ ಆ ತಿಂಗಳ ರಾತ್ರಿ ಹೆರಿಗೆಗಳು 108 ಆಂಬುಲೆನ್ಸ್ ಹತ್ತಿ ಧಾರವಾಡಕ್ಕೆ ಹೋಗಬೇಕಾದೀತು.

ಸಿಬ್ಬಂದಿಗೆ ಎದುರಾಗುವ ಅವಘಡಗಳಲ್ಲಿ ಸೂಜಿ ಚುಚ್ಚಿಕೊಳ್ಳುವುದು ತೀರ ಸಾಮಾನ್ಯ. ಆ ಗಳಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಇಂಜೆಕ್ಷನ್ ಕೊಟ್ಟಾಗಿದೆ. ಬಾಗಿಲಲ್ಲಿ ಇನ್ನೊಬ್ಬರು "ಸಿಸ್ಟರ್, ನಂದೂ ಒಂದ್ ಸೂಜಿ ಮಾಡಿಬಿಡ್ರಿ" ಎಂದು ನಿಂತಿದ್ದಾರೆ. ಬಲಗೈಯಲ್ಲಿ ಸಿರಿಂಜು, ಎಡಗೈಯಲ್ಲಿ ಅದರ ಮುಚ್ಚಳ. ಮುಚ್ಚಳ ಹಾಕುವ ಅವಸರದಲ್ಲಿ ಸೂಜಿ ಜಾರಿ ಎಡಗೈ ಬೆರಳಿಗೆ ಇಳಿಯುತ್ತದೆ. ಬಳಸಿದ ಸೂಜಿಗೆ ಮುಚ್ಚಳ ಹಾಕಲೇಬಾರದೆಂಬ ನಿಯಮ ಬಂದದ್ದು ಇದಕ್ಕೇ. ಹಬ್ ಕಟರ್‌ನಲ್ಲಿ ಸೂಜಿ ಕತ್ತರಿಸಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು, ಸಿರಿಂಜು ಕೆಂಪು ಚೀಲಕ್ಕೆ ಹೋಗಬೇಕು.

ಚುಚ್ಚಿದ ಮೇಲೆ ಬೆರಳನ್ನು ಹಿಂಡುವುದು, ಬಾಯಿಗೆ ಹಾಕಿಕೊಳ್ಳುವುದು, ಸ್ಪಿರಿಟ್ ಸುರಿಯುವುದು ಯಾವುದೂ ಬೇಡ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೆ ಸಾಕು. ಆಮೇಲೆ ಗಡಿಯಾರ ನೋಡಬೇಕು. ರೋಗಿಗೆ ಎಚ್‌ಐವಿ ಇದ್ದರೆ ಇಂಥ ಒಂದು ಚುಚ್ಚಿನಿಂದ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 6ರಿಂದ 30ರವರೆಗೆ ಇದೆ. ಜನ ಹೆದರುವುದು ಮೊದಲನೆಯದಕ್ಕೆ, ಹೆದರಬೇಕಾದದ್ದು ಎರಡನೆಯದಕ್ಕೆ. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಬಿದ್ದರೆ ಒಳ್ಳೆಯದು. 72 ಗಂಟೆ ಮೀರಿದರೆ ಶುರು ಮಾಡಿ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು. ಕೊನೆಯ ಬಸ್ಸು ಹೋದ ಮೇಲೆ ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆ ಎರಡು ಗಂಟೆ ದಾರಿಯಲ್ಲೇ ಕಳೆದುಹೋಗಬಹುದು. ಮೊದಲ ಡೋಸ್ ಕೇಂದ್ರದ ಕಪಾಟಿನಲ್ಲೇ ಇರುವುದು, ಕಪಾಟಿನ ಕೀಲಿ ಯಾರ ಬಳಿ ಇದೆಯೆಂದು ರಾತ್ರಿ ಪಾಳಿಯವರಿಗೆ ಗೊತ್ತಿರುವುದು ಇಲ್ಲಿ ಮುಖ್ಯ. ಮಾತ್ರೆ ನುಂಗುತ್ತಿರುವವರು ಈ ಕಾರಣಕ್ಕಾಗಿ ಕೆಲಸ ಬಿಟ್ಟು ಕೂರಬೇಕಿಲ್ಲ. ರಕ್ತದಾನ ಮಾಡಬಾರದು, ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಷ್ಟೇ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸಿನದು: ಮೊದಲನೆಯದು ಹಾಕಿದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ನೋಡಬೇಕು. ಈ ಹಂತವೇ ಹೆಚ್ಚಾಗಿ ಮರೆತುಹೋಗುವುದು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಕೆಲವು ವಾರಗಳ ಮಾತ್ರೆಯಿಂದ ಬಹುತೇಕ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ.

ಸೋಂಕಿನಿಂದ ರಜೆಯಲ್ಲಿರುವವರು ಯಾವಾಗ ಮರಳಬಹುದು ಎಂಬುದನ್ನು ಆಯಾ ರೋಗಾಣುವಿನ ಸ್ವಭಾವ ನಿರ್ಧರಿಸುತ್ತದೆ. ಔಷಧಕ್ಕೆ ಬಗ್ಗುವ ಕ್ಷಯವಾದರೆ ಸರಿಯಾದ ಚಿಕಿತ್ಸೆ ಶುರುವಾಗಿ ಎರಡು ವಾರದ ಹೊತ್ತಿಗೆ ಹರಡುವಿಕೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಮಾತ್ರೆ ಆರು ತಿಂಗಳಿದ್ದರೂ ರಜೆ ಅಷ್ಟು ಉದ್ದ ಬೇಕಾಗುವುದಿಲ್ಲ. 2021ರ ನವೆಂಬರ್‌ನಲ್ಲಿ ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಸಿಬ್ಬಂದಿ ಸೇರಿ ಕೋವಿಡ್ ಸೋಂಕಿತರ ಸಂಖ್ಯೆ ಕೆಲವೇ ದಿನಗಳಲ್ಲಿ ಸುಮಾರು 300ಕ್ಕೆ ಏರಿತು. ಹೆಚ್ಚಿನವರು ಎರಡೂ ಡೋಸ್ ಲಸಿಕೆ ಪಡೆದಿದ್ದರು, ಹೆಚ್ಚಿನವರಿಗೆ ಲಕ್ಷಣಗಳೂ ಇರಲಿಲ್ಲ. ಮಲಗುವಷ್ಟು ಕಾಯಿಲೆಯಿಲ್ಲದಿದ್ದರೂ ಇಷ್ಟು ಜನ ಒಮ್ಮೆಲೇ ಕೆಲಸದಿಂದ ದೂರವಿರಬೇಕಾಗುತ್ತದೆ ಎಂಬುದು ಆಗ ಕಣ್ಣೆದುರಿಗೇ ಬಂತು. 2022ರ ಜನವರಿಯ ಅಲೆಯಲ್ಲಿ ಕೇಂದ್ರ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿರುವ ಅವಧಿಯನ್ನು ಏಳು ದಿನಕ್ಕಿಳಿಸಿ, ಕೊನೆಯ ಮೂರು ದಿನ ಜ್ವರ ಇರಬಾರದೆಂದು ಹೇಳಿತು.

ಮೈಕೈ ನೋವಿನ ವಿಷಯ ಬೇರೆ. ರೋಗಿಯನ್ನು ಸ್ಟ್ರೆಚರಿನಿಂದ ಮಂಚಕ್ಕೆ ಎತ್ತುವವರ ಸೊಂಟ, ದಿನಕ್ಕೆ ಹತ್ತಾರು ಸಲ ತೊಳೆಯುವ ಕೈಯ ಬಿರುಕು, ಮಳೆಗಾಲದಲ್ಲಿ ಚಪ್ಪಲಿಗೆ ಎರಡು ಸೇರು ಎರೆಮಣ್ಣು ಮೆತ್ತಿಕೊಂಡು ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯ ಮೊಣಕಾಲು ಯಾವ ರಿಜಿಸ್ಟರಿನಲ್ಲೂ ಸುಲಭಕ್ಕೆ ದಾಖಲಾಗುವುದಿಲ್ಲ. ಸೊಂಟ ಹಿಡಿದರೆ ವಾರಗಟ್ಟಲೆ ಹಾಸಿಗೆ ಹಿಡಿಯಬೇಕೆಂಬ ಹಳೆಯ ಸಲಹೆ ಈಗ ಬಿದ್ದುಹೋಗಿದೆ. ಸಾಮಾನ್ಯ ಸೊಂಟನೋವಿನಲ್ಲಿ ಆದಷ್ಟು ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಳ್ಳುತ್ತಾರೆ. ಚರ್ಮ ಒಡೆದವರಿಗೆ, ಕೈ ಕೊಳೆಯಾಗಿ ಕಾಣದಿದ್ದಾಗ, ಸಾಬೂನಿಗಿಂತ ಆಲ್ಕೊಹಾಲ್ ದ್ರಾವಣ ಮೇಲು.

ರಜೆ ಉದ್ದವಾದಷ್ಟೂ ಮರಳುವ ಸಂಭವ ಕಡಿಮೆ. ಔದ್ಯೋಗಿಕ ಆರೋಗ್ಯ ತಜ್ಞರು ಅದಕ್ಕೇ "ಪೂರ್ತಿ ಗುಣವಾದ ಮೇಲೆ ಬನ್ನಿ" ಎನ್ನುವುದಿಲ್ಲ. ಮೊದಲ ವಾರ ಅರ್ಧ ದಿನ, ಆಮೇಲೆ ಹಗಲು ಪಾಳಿ ಮಾತ್ರ, ಕೆಲವು ವಾರ ಎತ್ತುವ ಕೆಲಸ ಬೇಡ, ಬದಲಿಗೆ ಲಸಿಕೆ ರಿಜಿಸ್ಟರ್, ಔಷಧ ವಿತರಣೆ, ಬಿ.ಪಿ. ತಪಾಸಣೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದಕ್ಕೆ ಹಂತಹಂತದ ಮರಳಿಕೆ ಎನ್ನುತ್ತಾರೆ. ಫಿಟ್‌ನೆಸ್ ಸರ್ಟಿಫಿಕೇಟಿನಲ್ಲಿ ಮಾತ್ರ ಫಿಟ್, ಅನ್‌ಫಿಟ್ ಎಂಬ ಎರಡೇ ಮಾತು. ನಡುವಿನ ಸ್ಥಿತಿಗೆ ಅಲ್ಲಿ ಜಾಗವೇ ಇಲ್ಲ. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರ ಚೀಟಿಯಲ್ಲಿ "ಇಂಥ ಬದಲಾವಣೆ ಮಾಡಿದರೆ ಕೆಲಸ ಮಾಡಬಲ್ಲರು" ಎಂದು ಬರೆಯಲು ಅವಕಾಶವಿದೆ.

ಮನಸ್ಸಿನ ಕಾಯಿಲೆಯಲ್ಲಿ ಮರಳುವುದು ಇನ್ನೂ ಕಷ್ಟ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಸಿಗುತ್ತದೆ. ಆದರೆ ಊರಲ್ಲಿ ಎಲ್ಲರ ಕಾಯಿಲೆಯೂ ಗೊತ್ತಿರುವ ಸಿಸ್ಟರ್‌ಗೆ ತನ್ನ ಕಾಯಿಲೆ ಎಲ್ಲರಿಗೂ ಗೊತ್ತಾದೀತೆಂಬ ಅಳುಕು. ಔದ್ಯೋಗಿಕ ಆರೋಗ್ಯದ ಮೂಲ ಕಟ್ಟಳೆಯೊಂದು ಈ ಅಳುಕಿಗೆ ಉತ್ತರ ಕೊಡುತ್ತದೆ: ಮೇಲಧಿಕಾರಿಗೆ ತಿಳಿಯಬೇಕಾದದ್ದು ಸಿಬ್ಬಂದಿ ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದು ಮಾತ್ರ. ಕಾಯಿಲೆಯ ಹೆಸರು ವೈದ್ಯರ ಕಡತದಲ್ಲೇ ಉಳಿಯಬೇಕು. ವೆಲ್ಲೂರಿನ ಸಿಎಂಸಿಯಂಥ ಕೆಲವು ಆಸ್ಪತ್ರೆಗಳು ಸಿಬ್ಬಂದಿಗೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗ ಇಟ್ಟುಕೊಂಡಿವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೇಲಧಿಕಾರಿಯೂ ವೈದ್ಯರೂ ಒಬ್ಬರೇ ಆದ್ದರಿಂದ ಸಿಬ್ಬಂದಿಯ ತಪಾಸಣೆ ಬೇರೆ ಕಡೆ ನಡೆಯುವುದು ಲೇಸು.

ಕಾನೂನಿನ ಆಸರೆ ಜನ ತಿಳಿದದ್ದಕ್ಕಿಂತ ಹೆಚ್ಚೇ ಇದೆ. 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸದಿಂದ ತಗಲುವ ಸೋಂಕುಗಳು ಔದ್ಯೋಗಿಕ ರೋಗಗಳ ಸಾಲಿಗೆ ಸೇರಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅವು ಉಳಿದಿವೆ. ಸೇವೆಯಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಅದೇ ವೇತನದ ಬೇರೆ ಹುದ್ದೆ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಇದನ್ನೆಲ್ಲ ಕೇಳುವಾಗ ಕೈಯಲ್ಲಿ ಇರಬೇಕಾದದ್ದು ಅವಘಡದ ದಿನವೇ ಬರೆದ ರಿಜಿಸ್ಟರಿನ ಒಂದು ಸಾಲು: ತಾರೀಖು, ಹೊತ್ತು, ಯಾವ ಸೂಜಿ, ಯಾವ ಬೆರಳು.

ಆಶಾ ಕಾರ್ಯಕರ್ತೆಯರು ಮಾತ್ರ ಈ ಚೌಕಟ್ಟಿನ ಅಂಚಿನಲ್ಲಿದ್ದಾರೆ. ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಬರುವ ಹಣದಲ್ಲಿ ಒಂದು ಪಾಲು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನವಾದ್ದರಿಂದ ಮಲಗಿದ ದಿನ ಅದೂ ಮಲಗುತ್ತದೆ. 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಅವರಿಗೂ ವಿಸ್ತರಿಸಿ ಆಸ್ಪತ್ರೆ ಸೇರಿದ ಖರ್ಚಿಗೆ ದಾರಿ ಮಾಡಿತು. ಆಸ್ಪತ್ರೆಯಿಂದ ಬಂದ ಮೇಲೆ ಮೊಣಕಾಲು ಬಗ್ಗಿಸಲಾಗದ ವಾರಗಳಲ್ಲಿ ಕೂತು ಮಾಡುವ ಕೆಲಸವನ್ನು ಹಂಚಿಕೊಡುವುದು ಸದ್ಯ ಆಯಾ ಕೇಂದ್ರದವರ ವಿವೇಚನೆಗೆ ಬಿಟ್ಟದ್ದು.