ಸಿಮೆಂಟಿನ ಸಂತೆ, ಅಣುಸ್ಥಾವರದ ಜೋಕಾಲಿ: ಜಗತ್ತಿನ ವಿಚಿತ್ರ ಥೀಮ್ ಪಾರ್ಕ್‌ಗಳು

ಡಿಸೆಂಬರ್ ಹತ್ತಿರ ಬಂತೆಂದರೆ ಕಾಲೇಜುಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಹೊರಡುವ ಬಸ್ಸುಗಳು ಗೋಳಗುಮ್ಮಟ, ಬಾದಾಮಿ, ಆಲಮಟ್ಟಿ, ಕೊಲ್ಲಾಪುರ ಎಂದು ಸುತ್ತಿ ಬರುತ್ತವೆ. ಈ ಪಟ್ಟಿಗೆ ಈಗ ಪಾರ್ಕುಗಳೂ ಸೇರಿವೆ. ಹಾಗಾದರೆ ಥೀಮ್ ಪಾರ್ಕ್ ಎಂದರೇನು? ಅದರಲ್ಲಿ ನಗು, ಕೇಕೆ, ಫೋಟೊಗಳನ್ನು ಬಿಟ್ಟು ಕಲಿಯುವಂಥದ್ದು ಏನಾದರೂ ಇದೆಯೇ? ಇದೆ. ಅದರಲ್ಲೂ ವಿಚಿತ್ರವಾದ ಪಾರ್ಕುಗಳಲ್ಲಿ ಹೆಚ್ಚೇ ಇದೆ.

ಥೀಮ್ ಪಾರ್ಕ್ ಎಂದರೆ

ಜೋಕಾಲಿ, ತಿರುಗುವ ತೊಟ್ಟಿಲು, ನೀರಿನ ಜಾರುಬಂಡೆ ಇಷ್ಟೇ ಇದ್ದರೆ ಅದು ಮನರಂಜನಾ ಪಾರ್ಕು. ಅಲ್ಲಿರುವ ಕಟ್ಟಡ, ಗೊಂಬೆ, ಆಟ ಎಲ್ಲವೂ ಸೇರಿ ಒಂದೇ ವಿಷಯವನ್ನು ಹೇಳಿದರೆ ಅದು ಥೀಮ್ ಪಾರ್ಕು. 1955ರಲ್ಲಿ ವಾಲ್ಟ್ ಡಿಸ್ನಿ ಅವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ ಈ ಬಗೆಯ ಪಾರ್ಕು ಜಗತ್ತಿಗೆಲ್ಲ ಪರಿಚಯವಾಯಿತು. ಅಲ್ಲಿನ ವಿಷಯ ಮಕ್ಕಳ ಕಥೆಗಳ ಲೋಕ. ಆದರೆ ವಿಷಯ ಕಥೆಯೇ ಆಗಬೇಕೆಂಬ ನಿಯಮವೇನಿಲ್ಲ. ಕೆಲವರು ತಮ್ಮ ಊರಿನ ಕಷ್ಟವನ್ನು, ಕಳೆದುಹೋದ ಬದುಕನ್ನು, ಕೊನೆಗೆ ಕೈಕೊಟ್ಟ ಯೋಜನೆಯನ್ನೂ ಪಾರ್ಕು ಮಾಡಿದ್ದಾರೆ.

ಗೊಟಗೋಡಿಯ ನಿಂತ ಹಳ್ಳಿ

ಹುಬ್ಬಳ್ಳಿ ದಾಟಿ ಬೆಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋದರೆ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಬಾಗಿಲಲ್ಲೇ ಡಾ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳು ನಿಂತಿವೆ. ಒಳಗೆ ಹೋದರೆ ಉತ್ತರ ಕರ್ನಾಟಕದ ಇಡೀ ಹಳ್ಳಿ. ಸಂತೆಯಲ್ಲಿ ಚೌಕಾಸಿ ನಡೆದಿದೆ, ಕಮ್ಮಾರ ಕಬ್ಬಿಣ ಬಡಿಯುತ್ತಿದ್ದಾನೆ, ದನದ ಕೊಟ್ಟಿಗೆಯಿದೆ, ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಕೂತಿದ್ದಾರೆ. ಯಾರೂ ಅಲುಗಾಡುವುದಿಲ್ಲ, ಯಾಕೆಂದರೆ ಎಲ್ಲರೂ ಸಿಮೆಂಟಿನವರು. ಆಳೆತ್ತರದ ಇಂಥ ಶಿಲ್ಪಗಳು ಸಾವಿರಕ್ಕೂ ಹೆಚ್ಚಿವೆ.

ಇದನ್ನು ಕಟ್ಟಿದವರು ಕಲಾವಿದ ಡಾ. ಟಿ.ಬಿ. ಸೊಲಬಕ್ಕನವರ. ಅವರು ದೊಡ್ಡಾಟಕ್ಕೂ ದುಡಿದವರು. ನಮ್ಮ ಬಾಗಲಕೋಟೆಯಲ್ಲಿರುವ ಕರ್ನಾಟಕ ಬಯಲಾಟ ಅಕಾಡೆಮಿಗೆ ಅಧ್ಯಕ್ಷರೂ ಆಗಿದ್ದರು. 2020ರಲ್ಲಿ ತೀರಿಕೊಂಡರು.

ಇಂಥ ಶಿಲ್ಪವನ್ನು ಕಲ್ಲಿನಂತೆ ಕಡೆಯುವುದಿಲ್ಲ, ಕಟ್ಟುತ್ತಾರೆ. ಮೊದಲು ಕಬ್ಬಿಣದ ಸರಳು ಬಗ್ಗಿಸಿ ಅಸ್ಥಿಪಂಜರ ಮಾಡಿಕೊಳ್ಳಬೇಕು. ಅದಕ್ಕೆ ಜಾಳಿಗೆ ಸುತ್ತಿ ಸಿಮೆಂಟ್ ಮೆತ್ತಬೇಕು. ಸಿಮೆಂಟ್ ಹಸಿಯಿರುವಾಗಲೇ ಕಣ್ಣು, ಮೂಗು, ಸೀರೆಯ ನೆರಿಗೆ, ಮುಖದ ಸುಕ್ಕು ತೀಡಬೇಕು. ಒಣಗಿದ ಮೇಲೆ ಬಣ್ಣ. ತೀಡುವ ಕಲಾವಿದನಿಗೆ ಕಮ್ಮಾರ ಸುತ್ತಿಗೆ ಎತ್ತುವಾಗ ಭುಜ ಎಷ್ಟು ವಾಲುತ್ತದೆ ಎಂಬುದು ಗೊತ್ತಿರಬೇಕು. ಅಂದರೆ ಈ ಪಾರ್ಕಿನ ಬಂಡವಾಳ ಸಿಮೆಂಟಲ್ಲ, ಹಳ್ಳಿಯನ್ನು ನೋಡಿದ ಕಣ್ಣು.

ನಮಗೆ ಇನ್ನೂ ಹತ್ತಿರದಲ್ಲಿ, ಕೊಲ್ಲಾಪುರದ ಬಳಿಯ ಕನೇರಿಯಲ್ಲಿ ಸಿದ್ಧಗಿರಿ ಮಠದ ಗ್ರಾಮಜೀವನ ವಸ್ತುಸಂಗ್ರಹಾಲಯವಿದೆ. ಅಲ್ಲಿಯೂ ಬಡಿಗ, ಕುಂಬಾರ, ನೇಕಾರ ಮೊದಲಾದ ಕಸುಬುದಾರರು ಆಳೆತ್ತರದಲ್ಲಿ ಕೂತಿದ್ದಾರೆ. ದುಡ್ಡಿನ ಬದಲು ಕಾಳಿನಲ್ಲಿ ಕೂಲಿ ಪಡೆದು ಊರೆಲ್ಲ ಒಬ್ಬರಿಗೊಬ್ಬರು ಆಸರೆಯಾಗಿದ್ದ ಪದ್ಧತಿಯನ್ನು ಅದು ತೋರಿಸುತ್ತದೆ.

ಒಡೆದ ಬಳೆಗಳ ಊರು

ರಾಕ್ ಗಾರ್ಡನ್ ಎಂಬ ಹೆಸರನ್ನು ನಮ್ಮ ದೇಶದಲ್ಲಿ ಪ್ರಸಿದ್ಧಗೊಳಿಸಿದ್ದು ಚಂಡೀಗಢದ ಉದ್ಯಾನ. ಅದನ್ನು ಕಟ್ಟಿದ ನೇಕ್ ಚಂದ್ ಅವರು ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ಸಾಮಾನ್ಯ ನೌಕರ. ಅವರ ಹುಟ್ಟೂರು ದೇಶವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿತ್ತು. ಚಂಡೀಗಢ ನಗರ ಕಟ್ಟಲು ಹಲವು ಹಳ್ಳಿಗಳನ್ನು ಕೆಡವಲಾಗಿತ್ತು. ಆ ಮನೆಗಳ ಅವಶೇಷ, ಒಡೆದ ಬಳೆ, ಚೀನಿ ಬಟ್ಟಲು, ಹೆಂಚಿನ ಚೂರುಗಳನ್ನು ಅವರು ಸೈಕಲ್ ಮೇಲೆ ಹೇರಿಕೊಂಡು ಕಾಡಿನೊಳಗೆ ತಂದು ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಅಲ್ಲಿ ಗುಟ್ಟಾಗಿ ಮನುಷ್ಯರನ್ನು, ಪ್ರಾಣಿಗಳನ್ನು ರೂಪಿಸುತ್ತಿದ್ದರು. ಸುಮಾರು 18 ವರ್ಷ ಇದು ಯಾರಿಗೂ ತಿಳಿಯಲಿಲ್ಲ. ಅದು ಸರ್ಕಾರಿ ಕಾಯ್ದಿಟ್ಟ ಜಾಗ, ಕಾನೂನಿನ ಪ್ರಕಾರ ಕೆಡವಬೇಕಿತ್ತು. ಜನರ ಮೆಚ್ಚುಗೆಯಿಂದ ಅದು ಉಳಿಯಿತು, 1976ರಲ್ಲಿ ಎಲ್ಲರಿಗೂ ತೆರೆಯಿತು. ಊರು ಕಳೆದುಕೊಂಡ ಒಬ್ಬ ಮನುಷ್ಯ, ಕೆಡವಿದ ಊರುಗಳ ಚೂರಿನಿಂದ ಮತ್ತೊಂದು ಊರು ಕಟ್ಟಿದ.

ಹೊರದೇಶದ ಅಚ್ಚರಿಗಳು

ಜರ್ಮನಿಯ ಕಾಲ್ಕರ್ ಎಂಬಲ್ಲಿ ಅಣುವಿದ್ಯುತ್ ಸ್ಥಾವರವೊಂದು ಪಾರ್ಕಾಗಿದೆ. 1973ರಲ್ಲಿ ಕಟ್ಟಲು ಆರಂಭಿಸಿದ ಆ ಸ್ಥಾವರ ಜನರ ವಿರೋಧ, ಸುರಕ್ಷತೆಯ ಚಿಂತೆ ಮತ್ತು ಏರುತ್ತ ಹೋದ ಖರ್ಚಿನಿಂದಾಗಿ ಒಂದು ದಿನವೂ ಓಡಲಿಲ್ಲ. 1991ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಅಣು ಇಂಧನ ತುಂಬದೇ ಇದ್ದುದರಿಂದ ವಿಕಿರಣದ ಭಯವಿರಲಿಲ್ಲ. ಡಚ್ ಉದ್ಯಮಿಯೊಬ್ಬರು ಅದನ್ನು ಕೊಂಡು ಮಕ್ಕಳ ಪಾರ್ಕು ಮಾಡಿದರು. ಈಗ ತಂಪುಗೋಪುರದ ಒಳಗೆ ಜೋಕಾಲಿ ತಿರುಗುತ್ತದೆ, ಹೊರಗೋಡೆಯನ್ನು ಮಕ್ಕಳು ಹತ್ತುತ್ತಾರೆ.

ಲಿಥುವೇನಿಯಾ ದೇಶ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡಾಗ ಊರೂರಿನ ಲೆನಿನ್, ಸ್ಟಾಲಿನ್ ಪ್ರತಿಮೆಗಳನ್ನು ಕಿತ್ತುಹಾಕಿದರು. ಅವುಗಳನ್ನು ಕರಗಿಸಲಿಲ್ಲ, ಮುಚ್ಚಿಡಲೂ ಇಲ್ಲ. ಅಣಬೆ ವ್ಯಾಪಾರದಿಂದ ಶ್ರೀಮಂತರಾಗಿದ್ದ ಒಬ್ಬರು 2001ರಲ್ಲಿ ಗ್ರೂಟಾಸ್ ಎಂಬಲ್ಲಿ ಕಾಡಿನ ನಡುವೆ ಅವನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಇದು ಹಿಂಸೆಯ ನೆನಪನ್ನು ಆಟ ಮಾಡಿದಂತೆ ಎಂದು ಕೆಲವರು ಸಿಟ್ಟಾದರು. ಮರೆಯುವುದಕ್ಕಿಂತ ನೋಡುವುದು ಮೇಲು ಎಂದು ಇನ್ನು ಕೆಲವರು ಹೇಳಿದರು. ಆ ವಾದ ಇಂದಿಗೂ ಮುಗಿದಿಲ್ಲ.

ಇಂಗ್ಲೆಂಡಿನಲ್ಲಿ 2015ರಲ್ಲಿ ಬ್ಯಾಂಕ್ಸಿ ಎಂಬ ಕಲಾವಿದ ಪಾಳುಬಿದ್ದ ಈಜುಕೊಳದ ಆವರಣದಲ್ಲಿ ಡಿಸ್ಮಲ್ಯಾಂಡ್ ಎಂಬ ಪಾರ್ಕು ತೆರೆದ. ಡಿಸ್ನಿಲ್ಯಾಂಡಿನ ಅಣಕ ಅದು. ಬೇಸರದ ಮುಖದ ಸಿಬ್ಬಂದಿ, ಕೊಳಕು ಕೊಳ, ಆ ನೀರಿನಲ್ಲಿ ನಿರಾಶ್ರಿತರು ತುಂಬಿದ ಆಟಿಕೆ ದೋಣಿಗಳು. ಐದು ವಾರದಲ್ಲಿ ಮುಚ್ಚಿದ ಮೇಲೆ ಅಲ್ಲಿನ ಮರಮಟ್ಟುಗಳನ್ನು ಫ್ರಾನ್ಸಿನ ಕ್ಯಾಲೆಯಲ್ಲಿದ್ದ ನಿರಾಶ್ರಿತರ ಗುಡಿಸಲುಗಳಿಗೆ ಕಳಿಸಿಕೊಟ್ಟರು.

ಎಲ್ಲಕ್ಕಿಂತ ವಿಚಿತ್ರವಾದದ್ದು ಮೆಕ್ಸಿಕೊ ದೇಶದ ಇದಾಲ್ಗೊ ರಾಜ್ಯದ ಎಕೊ ಆಲ್ಬೆರ್ತೊ ಪಾರ್ಕು. ಅಲ್ಲಿನ ಮೂಲನಿವಾಸಿ ಊರಿನ ಬಹಳ ಜನ ಕೂಲಿಗಾಗಿ ಕಳ್ಳದಾರಿಯಲ್ಲಿ ಅಮೆರಿಕದ ಗಡಿ ದಾಟಿ ಹೋಗಿದ್ದರು. ಉಳಿದವರು ಸೇರಿ 2004ರಲ್ಲಿ ರಾತ್ರಿ ನಡಿಗೆಯೊಂದನ್ನು ಶುರುಮಾಡಿದರು. ಟಿಕೆಟ್ ಕೊಂಡ ಪ್ರವಾಸಿಗರು ಕತ್ತಲಲ್ಲಿ ಕೆಸರು, ಮುಳ್ಳುಕಂಟಿ ದಾಟುತ್ತ ಓಡಬೇಕು. ಹಿಂದೆ ಗಡಿ ಪೊಲೀಸರ ವೇಷದಲ್ಲಿ ಊರವರೇ ಸೈರನ್ ಹಾಕಿ ಬೆನ್ನಟ್ಟುತ್ತಾರೆ. ಗಡಿ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಊರಲ್ಲೇ ದುಡಿಮೆ ಹುಟ್ಟಿಸಿ, ಯುವಕರು ನಿಜವಾದ ಗಡಿಯ ಕಡೆಗೆ ಹೋಗದಂತೆ ತಡೆಯುವುದು ಇದರ ಉದ್ದೇಶ. ಹೊಟ್ಟೆಪಾಡಿಗೆ ಗೋವಾ, ಮಂಗಳೂರಿಗೆ ಗುಳೆ ಹೋಗುವವರನ್ನು ಕಂಡ ನಮ್ಮ ಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ.

ಆಲಮಟ್ಟಿಯ ಕಾರಂಜಿ, ಹಿನ್ನೀರಿನ ಊರು

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಆಲಮಟ್ಟಿಯ ಅಣೆಕಟ್ಟಿನ ಬಳಿ ರಾಕ್ ಗಾರ್ಡನ್, ಮೊಘಲ್ ಗಾರ್ಡನ್, ಸಂಗೀತ ಕಾರಂಜಿ ಇವೆ. ರಜೆಯ ದಿನ ಜನಜಂಗುಳಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಈ ಜಲಾಶಯವನ್ನು 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ ಹಿನ್ನೀರು ಬಾಗಲಕೋಟೆಯ ಹಳೇ ಊರಿನ ಓಣಿಗಳವರೆಗೆ, ಬೀಳಗಿ, ಜಮಖಂಡಿ ಭಾಗದ ಹೊಲಗದ್ದೆಗಳವರೆಗೆ ಚಾಚಿತು. ಮನೆ, ಮಸೀದಿ, ಗುಡಿ, ಗೋರಿ, ಬಾವಿ ಬಿಟ್ಟು ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿರುವುದರಿಂದ ಮುಳುಗಡೆಯ ಮಾತು ಹಳೆಯ ಕಥೆಯೂ ಅಲ್ಲ.

ಆ ನೀರಿನಿಂದ ಹೊಲಗಳು ಹಸಿರಾಗಿವೆ, ಬೆಳಕು ಬಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕಾರಂಜಿ ನೋಡುವ ಹುಡುಗನಿಗೆ ಅದರ ಬೆನ್ನಿಗಿರುವ ಊರಿನ ಹೆಸರೂ ತಿಳಿದಿರಬೇಕಲ್ಲವೇ?

ನಾವು ಏನು ಮಾಡಬಹುದು?

ಈ ಎಲ್ಲ ಪಾರ್ಕುಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ಯಾವುದೋ ಒಂದು ಬದುಕು ನಿಂತುಹೋದ ಮೇಲೆ, ಅಥವಾ ನಿಂತುಹೋಗುತ್ತದೆ ಎಂಬ ಭಯ ಹುಟ್ಟಿದ ಮೇಲೆ, ಅದು ಪಾರ್ಕಾಗುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಇನ್ನೂ ಇದೆ. ಆದರೆ ಪವರ್‌ಲೂಮ್ ಬಂದ ಮೇಲೆ ಕೈಮಗ್ಗಗಳು ಕಡಿಮೆಯಾಗಿವೆ. ಹತ್ತಿ ಹಿಂಜುವ ಪಿಂಜಾರರ ಬಿಲ್ಲು, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರ ಕೂಗು ಅಪರೂಪವಾಗಿವೆ. ಇವೂ ನಾಳೆ ಯಾವುದೋ ಪಾರ್ಕಿನಲ್ಲಿ ಸಿಮೆಂಟಾಗಿ ನಿಂತಾವು. ಸಿಮೆಂಟಿಗೆ ಆಕಾರ ಬರುತ್ತದೆ, ಮಾತು ಬರುವುದಿಲ್ಲ. ಲಾಳಿ ಹೇಗೆ ಎಸೆಯಬೇಕು, ಎಳೆ ಹರಿದರೆ ಹೇಗೆ ಕೂಡಿಸಬೇಕು ಎಂಬುದನ್ನು ಹೇಳಬಲ್ಲವರು ನಿಮ್ಮ ಮನೆಯ ಅಜ್ಜ, ಅಜ್ಜಿ, ಪಕ್ಕದ ಓಣಿಯ ಚಾಚಾ.

ಹಾಗಾಗಿ ಈ ವರ್ಷ ಪ್ರವಾಸಕ್ಕೆ ಹೋದಾಗ ಪಾರ್ಕಿನಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕಟ್ಟಿದವರು ಯಾರು? ಇಲ್ಲಿ ಯಾರ ಬದುಕನ್ನು ತೋರಿಸಿದ್ದಾರೆ? ಯಾರನ್ನು ಬಿಟ್ಟಿದ್ದಾರೆ? ತಿರುಗಿ ಬಂದ ಮೇಲೆ ಮೊಬೈಲಿನಲ್ಲಿ ಅರ್ಧ ತಾಸು ಜಾಗ ಮಾಡಿ ಮನೆಯ ಹಿರಿಯರ ಮಾತನ್ನು ದಾಖಲಿಸಿ. ಮಗ್ಗದ ಒಂದೊಂದು ಭಾಗದ ಹೆಸರು, ಮುಳುಗಿದ ಊರಿನ ಓಣಿಗಳ ಹೆಸರು, ಅಲ್ಲಿನ ಸಂತೆಯ ವಾರ. ದಿನಾಂಕ ಹಾಕಿ, ಹೇಳಿದವರ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ಅದಕ್ಕೆ ಟಿಕೆಟ್ ಬೇಕಿಲ್ಲ, ಬಸ್ಸೂ ಬೇಕಿಲ್ಲ. ಹೇಳುವವರು ಮನೆಯಲ್ಲಿರುವಾಗಲೇ ಕೇಳಿದರೆ ಸಾಕು.